ಗಿಟಾರಿಗೆ ಎರಡನೇ ಪೆಟ್ಟಿಗೆ

ಆ ಊರಿನಲ್ಲಿ ಯಾರಾದರೂ ಎದುರು ಬರುವವರ ಗುರುತು ಹಿಡಿದು ನಕ್ಕರೆ, ಆ ನಗುವಿನಲ್ಲಿ ಅರ್ಧ ಪಾಲು ಕನ್ನಡಕದಣ್ಣನಿಗೆ ಸೇರಬೇಕು. ಅವನ ಅಂಗಡಿಯ ಕುರ್ಚಿಯಲ್ಲಿ ಒಮ್ಮೆ ಕೂತು ಎದ್ದವರು ಆಕಾಶದಲ್ಲಿ ಹಾರುವ ಹದ್ದಿನ ಉಗುರು ಎಣಿಸುತ್ತಿದ್ದರು. ಒಬ್ಬ ಮುದುಕನಂತೂ ಹೊಸ ಕನ್ನಡಕ ಏರಿಸಿಕೊಂಡು ಹೊರಗೆ ಬಂದವನೇ, ಬಾಗಿಲಲ್ಲಿ ಕಾಯುತ್ತಿದ್ದ ಸ್ವಂತ ಹೆಂಡತಿಗೆ "ನಮಸ್ಕಾರ, ತಾವ್ಯಾರು ಗೊತ್ತಾಗ್ಲಿಲ್ಲ" ಎಂದು ಹೇಳಿ ಆ ದಿನದ ಊಟ ಕಳೆದುಕೊಂಡಿದ್ದ.

ಇಷ್ಟೆಲ್ಲ ವಿದ್ಯೆಯ ಗುಟ್ಟು ಒಂದೇ ಪ್ರಶ್ನೆಯಲ್ಲಿತ್ತು. ಗಿರಾಕಿಯ ಮೂಗಿನ ಮೇಲೆ ಗುಂಡು ಗುಂಡಾದ ಕಬ್ಬಿಣದ ಚೌಕಟ್ಟು ಕೂರಿಸಿ, ಒಂದು ಕಣ್ಣಿಗೆ ಕರಿ ಬಿಲ್ಲೆ ಮುಚ್ಚಿ, ಇನ್ನೊಂದರ ಮುಂದೆ ಗಾಜು ಬದಲಿಸುತ್ತಾ ಕನ್ನಡಕದಣ್ಣ ಕೇಳುತ್ತಿದ್ದ: "ಇದು ಚೆನ್ನಾಗಿದೆಯೋ, ಇದೋ? ಒಂದೋ, ಎರಡೋ?" ಈ ಮಾತನ್ನು ಅವನು ಜೀವಮಾನದಲ್ಲಿ ಅದೆಷ್ಟು ಸಲ ಕೇಳಿದ್ದನೆಂದರೆ, ನಿದ್ದೆಯಲ್ಲೂ ಕೇಳುತ್ತಿದ್ದ. ಹೆಂಡತಿ ಮಗ್ಗುಲು ಬದಲಿಸುತ್ತಾ "ಎರಡು" ಎಂದರೆ ಸಮಾಧಾನವಾಗಿ ಗೊರಕೆ ಮುಂದುವರಿಸುತ್ತಿದ್ದ.

ಇಂಥವನು ಭಾನುವಾರ ಸಂಜೆ ಬೇರೆಯೇ ಮನುಷ್ಯ. ವಾರವೆಲ್ಲ ಕಂಡವರ ಕಣ್ಣಿನೊಳಗೆ ಇಣುಕಿ ಬಾಗಿದ ಬೆನ್ನು ಅಂದು ನೆಟ್ಟಗಾಗುತ್ತಿತ್ತು. ಸಮುದಾಯ ಭವನದ ದೊಡ್ಡ ಹಾಲಿಗೆ ವಯಸ್ಸಾದ ಗಂಡ ಹೆಂಡಿರು ಜೋಡಿಯಾಗಿ ಕುಣಿಯಲು ಬರುತ್ತಿದ್ದರು. ವೇದಿಕೆಯ ಮೇಲೆ ಮೂರೇ ಜನರ ವಾದ್ಯತಂಡ. ಹಾಡುತ್ತಿದ್ದವಳು ಕನ್ನಡಕದಣ್ಣನ ಹೆಂಡತಿ. ಅವಳು ತಾರಸ್ವರಕ್ಕೆ ಏರಿದರೆ ಕಿಟಕಿಯ ಗಾಜುಗಳು ತಲೆದೂಗುತ್ತಿದ್ದವು. ಡ್ರಮ್ಸ್ ಬಾರಿಸುತ್ತಿದ್ದವನು ಕನ್ನಡಕದಣ್ಣನ ಅಕ್ಕನ ಗಂಡ, ಅಂದರೆ ಭಾವ. ಭಾವನದು ಡ್ರೈವಿಂಗ್ ಸ್ಕೂಲ್. ಕಲಿಯುವವರ ಪಕ್ಕ ಕೂತು ದಿನವಿಡೀ ಬ್ರೇಕ್ ತುಳಿದೂ ತುಳಿದೂ ಅವನ ಬಲಗಾಲು ಆನೆಗೆ ಸಾಲ ಕೊಡುವಷ್ಟು ಗಟ್ಟಿಯಾಗಿತ್ತು. ಆ ಕಾಲು ದೊಡ್ಡ ಡ್ರಮ್ಮಿನ ಪೆಡಲ್ ಮೇಲೆ ಬಿದ್ದರೆ ಮೂರು ಬೀದಿ ಆಚೆ ಮಲಗಿದ ಬೆಕ್ಕು ಎದ್ದು ಮೈ ಮುರಿಯುತ್ತಿತ್ತು.

ಮೂರನೆಯದು ಕನ್ನಡಕದಣ್ಣನ ಗಿಟಾರ್. ಬೆರಳಿನ ವಿಷಯದಲ್ಲಿ ಅವನಿಗೆ ಸರಿಸಾಟಿ ಯಾರೂ ಇಲ್ಲವೆಂದು ಅವನೇ ಹೇಳುತ್ತಿದ್ದ, ಸುಳ್ಳೇನೂ ಅಲ್ಲ. ಆದರೆ ಅವನ ಆಂಪ್ಲಿಫೈಯರ್ ಸಣ್ಣದು. ಒಳಗೆ ಹಳೇ ರೇಡಿಯೋದಲ್ಲಿದ್ದಂತೆ ಕೆಂಪಗೆ ಉರಿಯುವ ಎರಡು ಮೂರು ಗಾಜಿನ ವಾಲ್ವು, ಅವುಗಳ ಕೆಳಗೆ ಊಟದ ತಟ್ಟೆಯಗಲದ ಒಂದೇ ಒಂದು ಸ್ಪೀಕರ್. ಮನೆಯ ಕೋಣೆಯಲ್ಲಿ ಅದು ಸಿಂಹ. ಆ ಹಾಲಿನಲ್ಲಿ ಸೊಳ್ಳೆ.

ಕುಣಿತದ ಮರ್ಮವಿದ್ದದ್ದು ಗಿಟಾರಿನಲ್ಲಿ. ಹಾಡಿನ ಒಂದೊಂದು ಚರಣ ಮುಗಿಯುವಾಗ ಕನ್ನಡಕದಣ್ಣ ತಂತಿಗಳನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಝರ್ರನೆ ಜಾರಿಸುತ್ತಿದ್ದ. ಅದು ಕೇಳಿದಾಗ ಗಂಡಸರು ಹೆಂಗಸರನ್ನು ಕೈಹಿಡಿದು ಒಂದು ಸುತ್ತು ತಿರುಗಿಸಬೇಕು. ಮುಂದಿನ ಸಾಲಿನವರಿಗೆ ಕೇಳುತ್ತಿತ್ತು, ತಿರುಗಿಸುತ್ತಿದ್ದರು. ಹಿಂದಿನ ಸಾಲಿನವರಿಗೆ ಭಾವನ ಧಡ್ ಧಡ್ ಬಿಟ್ಟರೆ ಬೇರೇನೂ ಕೇಳದೆ, ಮುಂದಿನವರ ಬೆನ್ನು ನೋಡಿ ಅರ್ಧ ಗಳಿಗೆ ತಡವಾಗಿ ತಿರುಗಿಸುತ್ತಿದ್ದರು. ಒಂದು ಭಾನುವಾರ ಈ ಅರ್ಧ ಗಳಿಗೆ ಸೇರಿ ಸೇರಿ ಹಾಲಿನ ನಡುವೆ ಮಹಾಯುದ್ಧವೇ ನಡೆಯಿತು. ಮುಂದಿನವರು ಹೋಗುವುದಕ್ಕೂ ಹಿಂದಿನವರು ಬರುವುದಕ್ಕೂ ಸರಿಹೋಗಿ, ಜೋಡಿಗೆ ಜೋಡಿ ಡಿಕ್ಕಿ ಹೊಡೆದು, ಎಲ್ಲರೂ ಬಿಡಿಸಿಕೊಂಡು ನಿಂತಾಗ ಒಬ್ಬರ ಕಟ್ಟಿಸಿದ ಹಲ್ಲುಸೆಟ್ಟು ಇನ್ನೊಬ್ಬರ ಕೋಟಿನ ಜೇಬಿನಲ್ಲಿ ಸಿಕ್ಕಿತು. ಇಬ್ಬರು ಗಂಡಂದಿರಂತೂ ಹೆಂಡತಿಯರನ್ನು ಅದಲು ಬದಲು ಮಾಡಿಕೊಂಡು ಒಂದಿಡೀ ಹಾಡು ಕುಣಿದಿದ್ದರು, ಯಾರೂ ದೂರು ಕೊಟ್ಟಿರಲಿಲ್ಲ.

ಅಂದು ಡ್ರಮ್ಮುಗಳನ್ನು ಕಾರಿಗೆ ತುಂಬುವಾಗ ಭಾವ ಮಾತು ತೆಗೆದ.

"ನೋಡೋ ಭಾಮೈದ, ನಿನ್ನ ಗಿಟಾರ್ ಹಿಂದಿನವರಿಗೆ ಕೇಳ್ಸಲ್ಲ. ನನಗೇ ಕೇಳ್ಸಲ್ಲ, ಇನ್ನು ಅವರಿಗೆಲ್ಲಿ ಕೇಳ್ಸುತ್ತೆ?"

"ನೀವು ಸ್ವಲ್ಪ ಮೆಲ್ಲಗೆ ಬಾರಿಸಿದ್ರೆ ಕೇಳ್ಸುತ್ತೆ ಭಾವ."

"ಮೆಲ್ಲಗೆ ಬಾರ್ಸೋಕೆ ಇದೇನು ಮಗು ಬೆನ್ನಾ? ಡ್ರಮ್ಮು ಕಣೋ! ಇನ್ನೊಂದು ಸ್ಪೀಕರ್ ಬಾಕ್ಸ್ ತಂದು ನಿನ್ನ ಆಂಪಿಗೆ ತಗಲಿಸು. ಮುಂದಿನ ಭಾನುವಾರದ ಒಳಗೆ. ಇಲ್ಲಾಂದ್ರೆ ನಮ್ಮ ಸ್ಕೂಲಿಗೆ ಕಾರು ಕಲಿಯೋಕೆ ಒಬ್ಬ ಬರ್ತಾನಲ್ಲ, ಕೀಬೋರ್ಡಿನವನು, ಅವನ್ನ ಕೂರಿಸ್ತೀನಿ. ಅವನ ಮಷೀನಲ್ಲಿ ಗಿಟಾರ್ ಸದ್ದೂ ಇದೆ, ಕಹಳೆ ಸದ್ದೂ ಇದೆ, ಕಪ್ಪೆ ಸದ್ದೂ ಇದೆ."

"ನಾನೇನು ಮಾಡ್ಲಿ ಆಗ?"

"ನೀನು ಪಕ್ಕ ನಿಂತು ಚಪ್ಪಾಳೆ ತಟ್ಟು. ನಮ್ಮವನೇ ತಾನೇ, ಬೇಡ ಅನ್ನಲ್ಲ."

ಕನ್ನಡಕದಣ್ಣ ಹೆಂಡತಿಯ ಮುಖ ನೋಡಿದ. ಅವಳು ಮೈಕಿನ ತಂತಿ ಸುತ್ತುತ್ತಾ, "ನನ್ನ ನೋಡಬೇಡಿ. ನಾನು ಯಾರ ಪಾರ್ಟಿನೂ ಅಲ್ಲ. ನನ್ನ ದನಿ ಮುಚ್ಚಿ ಹೋಗದಿದ್ರೆ ಸರಿ" ಎಂದಳು. ಕನ್ನಡಕದಣ್ಣ ನಗಲು ಹೋದ, ಆಗಲಿಲ್ಲ. ಭಾನುವಾರವಿಲ್ಲದ ವಾರವನ್ನು ಅವನು ಊಹಿಸಿಕೊಂಡ. ಸೋಮವಾರ ಕಣ್ಣು, ಮಂಗಳವಾರ ಕಣ್ಣು, ಎಲ್ಲ ದಿನವೂ ಕಣ್ಣು, ಭಾನುವಾರ ಚಪ್ಪಾಳೆ.

ಮರುದಿನ ಸಂಜೆಯೇ ಅಂಗಡಿ ಬೇಗ ಮುಚ್ಚಿ, ಗಿಟಾರನ್ನು ಬೆನ್ನಿಗೇರಿಸಿ, ಆಂಪ್ಲಿಫೈಯರನ್ನು ಹೊತ್ತುಕೊಂಡು ಹಳೆಯ ವಾದ್ಯಗಳ ಅಂಗಡಿಗೆ ನಡೆದ. ಆಂಪು ನೋಡಲು ಸಣ್ಣದು, ತೂಕದಲ್ಲಿ ಕತ್ತೆಮರಿ. ಅಂಗಡಿ ಮುಟ್ಟುವ ಹೊತ್ತಿಗೆ ಅವನ ಬಲಗೈ ಎಡಗೈಗಿಂತ ಒಂದು ಗೇಣು ಉದ್ದವಾಗಿತ್ತು.

ಆ ಅಂಗಡಿಯವನನ್ನು ಎಲ್ಲರೂ ಗುಡುಗಪ್ಪ ಎನ್ನುತ್ತಿದ್ದರು, ಯಾಕೆಂದರೆ ಅವನು ಮಾತಾಡಿದರೆ ಇರುವೆಗೂ ಕೇಳುತ್ತಿರಲಿಲ್ಲ. ಜೀವಮಾನವೆಲ್ಲ ಸ್ಪೀಕರುಗಳ ನಡುವೆ ಕಳೆದವನು, ಸದ್ದು ಮಾಡುವ ಕೆಲಸವನ್ನು ಅವುಗಳಿಗೇ ಬಿಟ್ಟುಕೊಟ್ಟಿದ್ದ. ಅಂಗಡಿಯ ತುಂಬ ತಂತಿ ಹರಿದ ಪಿಟೀಲು, ಹಲ್ಲು ಉದುರಿದ ಹಾರ್ಮೋನಿಯಂ, ಹಿಂಬದಿಯ ಗೋಡೆಗೆ ಒರಗಿ ಸ್ಪೀಕರ್ ಬಾಕ್ಸುಗಳ ಸಾಲು.

ಗುಡುಗಪ್ಪ ಆಂಪಿನ ಬೆನ್ನು ತಿರುಗಿಸಿ ನೋಡಿದ. "ಮೊದಲು ಓಮ್ ನೋಡ್ಬೇಕು, ಅಂದ್ರೆ ಕರೆಂಟಿಗೆ ಎಷ್ಟು ತಡೆ ಅಂತ. ಒಳಗಿರೋ ಸ್ಪೀಕರ್ ಎಂಟು. ಜೊತೆಗೆ ಬರೋದೂ ಎಂಟರದ್ದೇ ಇರ್ಲಿ. ಎರಡೂ ಸೇರಿದಾಗ ಹಿಂದಿರೋ ಈ ಸ್ವಿಚ್ಚನ್ನ ನಾಲ್ಕಕ್ಕೆ ತಿರುಗಿಸ್ಬೇಕು, ಮರೀಬೇಡಿ."

"ಎಂಟೂ ಎಂಟೂ ಹದಿನಾರಲ್ವೇನ್ರೀ?"

"ಅದು ನಿಮ್ಮ ಮಗ್ಗಿ. ಕರೆಂಟಿಗೆ ಒಂದು ಬಾಗಿಲಿದ್ದ ಕಡೆ ಎರಡು ತೆಗೆದ್ರೆ ತಡೆ ಅರ್ಧ ಆಗುತ್ತೆ. ಹದಿನಾರು ಅಂತ ಇಟ್ರೋ, ಆಂಪು ಹೊಗೆ ಬಿಡುತ್ತೆ."

ಎಂಟು ಓಮಿನವು ಮೂರು ಸಿಕ್ಕವು. ಮೊದಲನೆಯದು ನಾಲ್ಕು ಸ್ಪೀಕರಿನ ಕರಿ ರಾಕ್ಷಸ, ಬಟ್ಟೆ ಇಡುವ ಬೀರುವಿನಷ್ಟು ಎತ್ತರ. ಎರಡನೆಯದು ಒಂದೇ ಸ್ಪೀಕರಿನದು, ಸುತ್ತ ಕೆಂಪು ರೆಕ್ಸಿನ್ ಹೊದ್ದು ಮದುಮಗನ ಹಾಗೆ ಮಿಂಚುತ್ತಿತ್ತು. ಮೂರನೆಯದು ಹಳೆಯದು, ಹಗುರ ಮರದ್ದು, ಎದುರಿಗೆ ಬೂದಿ ಬಣ್ಣದ ಬಟ್ಟೆ, ಒಂದು ಮೂಲೆ ಸವೆದು ಮರ ಕಾಣುತ್ತಿತ್ತು.

"ಎಲ್ಲಾನೂ ಸೇರಿಸಿ ಗಲಾಟೆ ಮಾಡೋದು ಬೇಡ" ಎಂದ ಕನ್ನಡಕದಣ್ಣ, ತೋಳು ಮಡಚಿಕೊಂಡು. ಪರೀಕ್ಷೆ ಮಾಡುವುದನ್ನು ಅವನಿಗೆ ಯಾರು ಹೇಳಿಕೊಡಬೇಕಿತ್ತು? "ಆಂಪಿನ ಒಳಗಿನ ಸ್ಪೀಕರಿನ ತಂತಿ ಕಿತ್ತುಬಿಡಿ. ಒಂದು ಸಲಕ್ಕೆ ಒಂದೇ ಬಾಕ್ಸು. ಒಂದು ಕಣ್ಣು ಮುಚ್ಚದೇ ಇನ್ನೊಂದು ಕಣ್ಣಿನ ಬಲ ಗೊತ್ತಾಗೋದು ಹೇಗೆ?"

ಗುಡುಗಪ್ಪ ಭುಜ ಹಾರಿಸಿ ತಂತಿ ಕಿತ್ತ. ಕನ್ನಡಕದಣ್ಣ ಬಣ್ಣ ನೋಡಿ ಮೋಸ ಹೋಗಬಾರದೆಂದು ಕರವಸ್ತ್ರದಿಂದ ತನ್ನ ಕಣ್ಣು ಕಟ್ಟಿಕೊಂಡು ಗಿಟಾರ್ ನುಡಿಸತೊಡಗಿದ. ಒಂದೊಂದೇ ಬಾಕ್ಸು ಬದಲಾಯಿತು. "ಒಂದೋ, ಎರಡೋ?" ಎಂದು ತನ್ನನ್ನೇ ಕೇಳಿಕೊಂಡ, ತಾನೇ ಉತ್ತರಿಸಿಕೊಂಡ. ಕರಿ ರಾಕ್ಷಸ ಗುಮ್ಮೆಂದಿತು, ಪಕ್ಕದ ಅಂಗಡಿಯ ಬೋರ್ಡು ಕಳಚಿ ಬಿತ್ತು. ಹಳೇ ಬೂದಿ ಬಟ್ಟೆಯದು ಕಂಬಳಿ ಹೊದ್ದು ಮಾತಾಡುವ ಜ್ವರದವನ ಹಾಗೆ ಮಂಕಾಗಿತ್ತು. ಕೆಂಪು ಬಾಕ್ಸು ಮಾತ್ರ, ಆಹಾ! ಒಂದೊಂದು ಸ್ವರವೂ ಹೊಸ ಗಾಜಿನ ಹಾಗೆ ಫಳಫಳ. ಬೆಣ್ಣೆಯಿಂದ ಕೂದಲು ತೆಗೆದಂತೆ ತಂತಿಯಿಂದ ತಂತಿ ಬೇರೆಯಾಗಿ ಕೇಳಿತು.

"ಇದೇ!" ಎಂದು ಕರವಸ್ತ್ರ ಕಿತ್ತೆಸೆದ. "ಕಣ್ಣು ಕಟ್ಟಿಕೊಂಡು ರತ್ನ ಹೆಕ್ಕೋದು ಅಂದ್ರೆ ಇದು."

"ಹಿಡಿಸದಿದ್ರೆ ವಾಪಸ್ ತನ್ನಿ" ಎಂದ ಗುಡುಗಪ್ಪ. "ಗೀರು ಬೀಳಿಸಬೇಡಿ, ಅಷ್ಟೇ."

"ವಾಪಸ್ಸಾ? ಒಳ್ಳೇ ಮಾತು ಹೇಳಿದ್ರಿ!"

ವಾರದ ನಡುವೆ ಡ್ರೈವಿಂಗ್ ಸ್ಕೂಲಿನ ಶೆಡ್ಡಿನಲ್ಲಿ ಅಭ್ಯಾಸ. ಕಾರುಗಳನ್ನು ಹೊರಗೆ ನಿಲ್ಲಿಸಿ, ರಸ್ತೆ ಚಿಹ್ನೆಗಳ ಬೋರ್ಡುಗಳ ನಡುವೆ ಡ್ರಮ್ಮು ಹೂಡಿದ್ದರು. ಕನ್ನಡಕದಣ್ಣ ಒಳಗಿನ ಸ್ಪೀಕರಿನ ತಂತಿ ಮತ್ತೆ ಸಿಕ್ಕಿಸಿ, ಪಕ್ಕದಲ್ಲಿ ಕೆಂಪು ಬಾಕ್ಸ್ ಇಟ್ಟು ತಂತಿ ಕೊಟ್ಟು, ಸ್ವಿಚ್ಚನ್ನು ನಾಲ್ಕಕ್ಕೆ ತಿರುಗಿಸಿ, ಮಹಾರಾಜನ ಹಾಗೆ ಎಲ್ಲರನ್ನೂ ಒಮ್ಮೆ ನೋಡಿ, ಝರ್ರನೆ ತಂತಿ ಎಳೆದ.

ಭಾವ ಕೈಯಲ್ಲಿದ್ದ ಕೋಲು ಬಿಟ್ಟು ದವಡೆ ಹಿಡಿದುಕೊಂಡ.

"ಅಯ್ಯಯ್ಯೋ! ಏನೋ ಇದು, ಹಲ್ಲು ಡಾಕ್ಟರ ಕುರ್ಚಿ ಮೇಲೆ ಕೂತಂಗಾಯ್ತು!"

ಉತ್ಪ್ರೇಕ್ಷೆಯೇನಲ್ಲ. ಶೆಡ್ಡಿನ ತಗಡಿನ ಮೇಲೆ ಕೂತಿದ್ದ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದು ಪಕ್ಕದ ಜಿಲ್ಲೆಗೆ ಹಾರಿಹೋದವು. ಒಂಟಿಯಾಗಿದ್ದಾಗ ಫಳಫಳ ಎನ್ನುತ್ತಿದ್ದ ಸ್ವರ ಈಗ ಚೂರಿಯಾಗಿತ್ತು. ಹೆಂಡತಿ ಹಾಡಲು ಬಾಯಿ ತೆರೆದಳು. ತುಟಿ ಅಲ್ಲಾಡುವುದು ಕಂಡಿತು, ದನಿ ಎಲ್ಲಿಯೋ ಕೊಚ್ಚಿ ಹೋಯಿತು. ಕನ್ನಡಕದಣ್ಣ ಸದ್ದು ಕಡಿಮೆ ಮಾಡಿದ. ಚೂರಿ ಸಣ್ಣದಾಯಿತು, ಮೊನೆ ಹಾಗೇ ಉಳಿಯಿತು. ಇನ್ನೂ ಕಡಿಮೆ ಮಾಡಿದ. ಈಗ ಭಾವನ ಡ್ರಮ್ಮು ಬಿಟ್ಟರೆ ಬೇರೇನೂ ಇಲ್ಲ.

"ನಿಮ್ಮ ಶೆಡ್ಡು ಸರಿಯಿಲ್ಲ ಭಾವ. ತಗಡು ಜಾಸ್ತಿ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

"ಒಂದೇ ಇದ್ದಾಗ ಎಷ್ಟು ಚೆನ್ನಾಗಿತ್ತು ಗೊತ್ತಾ? ನೀವು ಕೇಳ್ಬೇಕಿತ್ತು."

"ಹಾಗಾದ್ರೆ ಒಂದನ್ನೇ ಇಟ್ಕೊ, ಮೊದಲಿದ್ದಂಗೇ ಆಯ್ತು" ಎಂದು ಭಾವ ಕೋಲು ಎತ್ತಿಕೊಂಡ. ಆಮೇಲೆ ಸ್ವಲ್ಪ ಮೆತ್ತಗಾಗಿ, "ನೋಡು, ಕೀಬೋರ್ಡಿನವನಿಗೆ ಭಾನುವಾರ ಸುಮ್ನೆ ಬಂದು ಕೂತ್ಕೊ ಅಂತ ಹೇಳಿದೀನಿ. ಸುಮ್ನೆ ಅಷ್ಟೇ" ಎಂದ. ಸುಮ್ಮನೆ ಎಂಬ ಮಾತು ಸುಮ್ಮನೆ ಬರುವುದಿಲ್ಲವೆಂದು ಯಾರಿಗೆ ಗೊತ್ತಿಲ್ಲ? ಮನೆಗೆ ಹೋಗುವ ದಾರಿಯಲ್ಲಿ ಕನ್ನಡಕದಣ್ಣ ಒಂದು ಮಾತೂ ಆಡಲಿಲ್ಲ. ಹೆಂಡತಿಗೆ ಅದು ಎಷ್ಟು ಹೊಸದಾಗಿತ್ತೆಂದರೆ, ಕಾರು ನಿಲ್ಲಿಸಿ ಅವನ ಹಣೆ ಮುಟ್ಟಿ ನೋಡಿದಳು.

ಮಾರನೆಯ ಬೆಳಿಗ್ಗೆ ಅಂಗಡಿಗೆ ಮೊದಲ ಗಿರಾಕಿಯಾಗಿ ಒಬ್ಬ ಅಜ್ಜಿ ಬಂದರು. ಒಂದು ಕಾಲದಲ್ಲಿ ಶಾಲೆಯ ಟೀಚರು. ಈಗಲೂ ಮಾತಾಡಿದರೆ ಎದುರಿದ್ದವರು ಬೆಂಚಿನ ಮೇಲೆ ನಿಂತುಬಿಡೋಣ ಅನ್ನಿಸುವ ದನಿ. ಭಾನುವಾರದ ಕುಣಿತಕ್ಕೆ ಗಂಡನ ಜೊತೆ ತಪ್ಪದೆ ಬರುವವರು. ಕನ್ನಡಕದಣ್ಣ ಮೂಗಿಗೆ ಚೌಕಟ್ಟು ಕೂರಿಸಿ ಎಡಗಣ್ಣು ಮುಚ್ಚಿದ. ಅಜ್ಜಿಯ ಬಾಯಿ ಮುಚ್ಚುವ ಬಿಲ್ಲೆ ಇನ್ನೂ ಯಾರೂ ಕಂಡುಹಿಡಿದಿರಲಿಲ್ಲ.

"ಏನಪ್ಪಾ, ನಿನ್ನ ಗಿಟಾರಿಗೆ ಏನಾಗಿದೆ? ನಾವು ನಿಲ್ಲೋದು ಕೊನೇ ಸಾಲಲ್ಲಿ. ಅಲ್ಲಿಗೆ ಧಡ್ ಧಡ್ ಒಂದೇ ಕೇಳ್ಸೋದು."

"ಒಂದೋ, ಎರಡೋ ಅಜ್ಜಿ?"

"ಎರಡು. ಮೊದಲೆಲ್ಲ ನಮ್ಮನೆಯವರು ನನ್ನ ಮುಖ ನೋಡ್ಕೊಂಡು ಕುಣಿಯೋರು. ಈಗ ಯಾವಾಗ ತಿರುಗ್ಸೋದು ಗೊತ್ತಾಗದೆ ಮುಂದಿನವರ ಬೆನ್ನು ನೋಡ್ತಾರೆ. ಈ ವಯಸ್ಸಲ್ಲಿ ನನ್ನ ಮುಖ ನೋಡೋಕೆ ಅವರಿಗಿದ್ದ ನೆಪ ಅದೊಂದೇ, ಅದೂ ಹೋಯ್ತು."

"ಜೋರು ಮಾಡಿದ್ರೆ ಚುಚ್ಚುತ್ತೆ ಅಜ್ಜಿ. ಏನು ಮಾಡ್ಲಿ? ಒಂದೋ, ಎರಡೋ?"

"ಒಂದು. ಜೋರು ಯಾರು ಕೇಳಿದ್ರು? ನಮ್ಮ ತನಕ ಮುಟ್ಟಿದ್ರೆ ಸಾಕು."

ಬಲಗಣ್ಣು ಆಯಿತು, ಎಡಗಣ್ಣು ಆಯಿತು. ಎರಡಕ್ಕೂ ಬೇರೆ ಬೇರೆ ಗಾಜು ಕೂತವು. ಕನ್ನಡಕದಣ್ಣ ಕರಿ ಬಿಲ್ಲೆ ತೆಗೆದು, ಸಾವಿರ ಸಲ ಹೇಳಿದ ಮಾತನ್ನೇ ಇನ್ನೊಂದು ಸಲ ಹೇಳಿದ: "ಈಗ ಎರಡೂ ಕಣ್ಣು ಬಿಟ್ಟು ನೋಡಿ. ಒಂದೊಂದೇ ಸರಿ ಇದ್ರೆ ಸಾಲದು, ಎರಡೂ ಸೇರಿದಾಗ..."

ಮಾತು ಅಲ್ಲೇ ನಿಂತಿತು. ಬಾಯಿ ತೆರೆದೇ ಇತ್ತು. ಒಂದು ನೊಣ ಒಳಗೆ ಹೋಗಿ, ನಾಲಿಗೆಯ ಮೇಲೆ ಒಂದು ಸುತ್ತು ವಿಹಾರ ಮಾಡಿ, ಬೇಸರವಾಗಿ ಹೊರಗೆ ಬಂತು.

"ಏನಪ್ಪಾ, ನನ್ನ ಕಣ್ಣಲ್ಲಿ ಏನಾದ್ರೂ ಕಾಣಿಸ್ತಾ?" ಎಂದರು ಅಜ್ಜಿ, ಗಾಬರಿಯಾಗಿ.

"ನನ್ನ ದಡ್ಡತನ ಕಾಣಿಸ್ತು ಅಜ್ಜಿ! ಲೇ, ಬಾರೇ ಇಲ್ಲಿ!"

ಹೆಂಡತಿ ಹಿಂದಿನ ಕೋಣೆಯಲ್ಲಿ ಗಾಜು ಅರೆಯುವ ಮಷೀನಿನ ಮುಂದಿದ್ದಳು. ಕೈ ಒರೆಸಿಕೊಳ್ಳುತ್ತಾ ಬಂದಳು.

"ನಾನು ಬಾಕ್ಸನ್ನ ಒಂದೊಂದೇ ಪರೀಕ್ಷೆ ಮಾಡಿದೆ ಕಣೇ. ಆಂಪಿನ ಸ್ಪೀಕರ್ ಜೊತೆ ಸೇರಿಸಿ ಕೇಳ್ಲೇ ಇಲ್ಲ. ಅದು ಮೊದಲೇ ಚೂಪು, ಅದರ ಪಕ್ಕ ಇನ್ನೊಂದು ಚೂಪು ತಂದಿಟ್ಟೆ!"

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಒಂದು ಕಣ್ಣಿಗೆ ಮಾತ್ರ ನೋಡಿ ಯಾರನ್ನಾದ್ರೂ ಕಳಿಸಿದೀರಾ ಈ ಅಂಗಡಿಯಿಂದ?"

"ಇಲ್ಲ."

"ನಿಮಗೆ ಮಾತ್ರ ಹಂಗೆ ಕಳಿಸ್ಕೊಂಡಿದೀರಿ. ಚೆನ್ನಾಗಿದೆ. ದೀಪದ ಬುಡ ಅಂದ್ರೆ ನಮ್ಮನೇನೇ" ಎಂದು ಕಾರಿನ ಬೀಗದ ಕೈ ತೆಗೆದುಕೊಂಡಳು. "ನಡೀರಿ. ಭಾನುವಾರ ಆ ಕಪ್ಪೆ ಸದ್ದಿಗೆ ಹಾಡೋಕೆ ನನಗಾಗಲ್ಲ."

ಅವರಿಬ್ಬರೂ ಆಂಪು, ಗಿಟಾರು, ಕೆಂಪು ಬಾಕ್ಸು ಎಲ್ಲ ತುಂಬಿ ಕಾರು ಹೊರಡಿಸುವಾಗ ಹಿಂದಿನ ಸೀಟಿನಿಂದ ಕೆಮ್ಮು ಕೇಳಿತು. ಅಜ್ಜಿ ಕೂತಿದ್ದರು, ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಹಾಗೇ ಇತ್ತು.

"ಅರ್ಧ ಕಣ್ಣು ಕೊಟ್ಟು ಎಲ್ಲಿಗೆ ಓಡ್ತೀಯಾ? ನಾನೂ ಬರ್ತೀನಿ. ಕೊನೇ ಸಾಲಿನ ಕಿವಿ ನನ್ನದಲ್ವೇ?"

ಗುಡುಗಪ್ಪ ಈ ಮೆರವಣಿಗೆ ನೋಡಿ ಏನೋ ಅಂದ. ಕೇಳಲಿಲ್ಲ, ಮುಖ ನೋಡಿದರೆ ಒಳ್ಳೆಯ ಮಾತಿರಲಿಲ್ಲ. ಆದರೂ ತಂತಿ ಎತ್ತಿಕೊಂಡು ಬಂದ. ಈ ಸಲ ಪರೀಕ್ಷೆ ಬೇರೆ ಥರ. ಆಂಪಿನ ಸ್ಪೀಕರ್ ಹಾಡುತ್ತಲೇ ಇರಬೇಕು; ಅದರ ಜೊತೆಗೆ ಒಂದೊಂದೇ ಬಾಕ್ಸು ಸೇರಬೇಕು. ನುಡಿಸುವವನು ಆಂಪಿನ ಪಕ್ಕ ನಿಂತರೆ ಸದ್ದೆಲ್ಲ ಮೊಣಕಾಲಿಗೆ ಬಡಿದು ಹೋಗುತ್ತದೆ, ಮೊಣಕಾಲಿಗೆ ಕಿವಿ ಇಲ್ಲ. ಆದ್ದರಿಂದ ಗಿಟಾರನ್ನು ಹೆಂಡತಿಯ ಕೊರಳಿಗೆ ಹಾಕಿ, ಕನ್ನಡಕದಣ್ಣ ರಸ್ತೆಯ ಆಚೆ ಬದಿಗೆ ಹೋಗಿ ನಿಂತ. ಅಜ್ಜಿ ಅವನಿಗಿಂತಲೂ ಆಚೆ, ಬೀದಿ ತಿರುವಿನಲ್ಲಿ, ಚೌಕಟ್ಟಿನ ಗಾಜುಗಳನ್ನು ಬಿಸಿಲಿಗೆ ಮಿಂಚಿಸುತ್ತಾ ನಿಂತರು. ದಾರಿಹೋಕರು ಅವರನ್ನು ಯಾವುದೋ ಸರಕಾರಿ ಸರ್ವೆಯವರೆಂದು ತಿಳಿದು, ಕೇಳದೆಯೇ ತಮ್ಮ ವಿಳಾಸ ಹೇಳಿ ಹೋದರು.

ಹೆಂಡತಿಗೆ ಬರುತ್ತಿದ್ದದ್ದು ಮೂರೇ ಸ್ವರಮೇಳ, ಅಷ್ಟು ಸಾಕಾಗಿತ್ತು. ಆಂಪಿನ ಜೊತೆ ಕೆಂಪು ಬಾಕ್ಸ್ ಸೇರಿತು: ಎರಡು ಚೂರಿ ಒಂದನ್ನೊಂದು ಮಸೆದವು. ಅಜ್ಜಿ ಕಿವಿ ಮುಚ್ಚಿಕೊಂಡರು. ಕರಿ ರಾಕ್ಷಸ ಸೇರಿತು: ರಸ್ತೆಯೇ ನಡುಗಿತು, ಸ್ವರ ಯಾವುದು ಸಿಮೆಂಟ್ ಲಾರಿ ಯಾವುದು ತಿಳಿಯಲಿಲ್ಲ. ಅಜ್ಜಿ ತಲೆ ಅಡ್ಡ ಆಡಿಸಿದರು.

ಕೊನೆಗೆ ಗುಡುಗಪ್ಪ ಹಳೆಯ ಬೂದಿ ಬಟ್ಟೆಯ ಪೆಟ್ಟಿಗೆಯನ್ನು ಎಳೆದು ತಂದು, ಅದನ್ನು ಒಂದು ಸ್ಟೂಲಿನ ಮೇಲಿಟ್ಟು ತಂತಿ ಸಿಕ್ಕಿಸಿದ.

ಹೆಂಡತಿ ತಂತಿಗಳನ್ನು ಕೆಳಕ್ಕೆ ಜಾರಿಸಿದಳು. ಕನ್ನಡಕದಣ್ಣ ರಸ್ತೆಯ ಆಚೆ ನಿಂತು ಕೇಳಿದ, ಮತ್ತೆ ಕೇಳಿದ. ಜ್ವರದವನು ಕಂಬಳಿ ಒದ್ದು ಎದ್ದು ಕೂತಿದ್ದ. ಆಂಪಿನ ಸ್ಪೀಕರಿನ ಚೂಪಿಗೆ ಈಗ ಕೆಳಗೊಂದು ಮೈ ಬಂದಿತ್ತು. ಒಂದು ಬಿಟ್ಟ ಮಾತನ್ನು ಇನ್ನೊಂದು ಎತ್ತಿಕೊಳ್ಳುತ್ತಿತ್ತು. ಜೋರಾಗೇನೂ ಇರಲಿಲ್ಲ. ನಡುವೆ ಹಾದು ಹೋದ ಬಸ್ಸು ತನ್ನ ಸದ್ದನ್ನೆಲ್ಲ ಸುರಿದು ಹೋಯಿತು, ಅದರ ಹಿಂದೆಯೂ ಸ್ವರ ಹಾಗೇ ನಿಂತಿತ್ತು.

ತಿರುವಿನಲ್ಲಿ ಅಜ್ಜಿ ಒಂದು ಕೈ ಮೇಲೆತ್ತಿ, ಯಾರ ಕೈಯನ್ನೂ ಹಿಡಿಯದೆ, ತಮ್ಮಷ್ಟಕ್ಕೇ ಒಂದು ಸುತ್ತು ತಿರುಗಿದರು. ಸೈಕಲ್ಲಿನವನೊಬ್ಬ ನಿಂತು ನೋಡಿ ತಲೆ ಬಾಗಿಸಿ ಹೋದ.

ಕೆಂಪು ಬಾಕ್ಸನ್ನು ವಾಪಸ್ ಕೊಟ್ಟು ಬೂದಿ ಬಟ್ಟೆಯ ಪೆಟ್ಟಿಗೆಯನ್ನು ಕಾರಿಗೆ ಏರಿಸುವಾಗ ಹೆಂಡತಿ, "ರೀ, ಇದಕ್ಕೆ ಹಿಂದಿನ ಹಲಗೇನೇ ಇಲ್ಲ. ಕೈ ಹಾಕಿದ್ರೆ ಒಳಗಡೆ ಹೋಗುತ್ತೆ" ಎಂದಳು.

"ಅದು ಹಂಗೇ ಇರೋದು" ಎಂದು ಗುಡುಗಪ್ಪ ಪಿಸುಗುಟ್ಟಿದ. "ಬೆನ್ನು ತೆರೆದಿರೋದು. ಹಿಂದಕ್ಕೂ ಸದ್ದು ಬಿಡುತ್ತೆ. ಕೆಲವರಿಗೆ ಆಗಲ್ಲ."

ಭಾನುವಾರ ಸಂಜೆ ಹಾಲು ತುಂಬಿತ್ತು. ಕೀಬೋರ್ಡಿನವನು ಹೇಳಿದ ಹೊತ್ತಿಗಿಂತ ಮೊದಲೇ ಬಂದು, ಮುಂದಿನ ಕುರ್ಚಿಯಲ್ಲಿ ಕೀಬೋರ್ಡನ್ನು ಚೀಲ ಸಮೇತ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಒಳ್ಳೆಯ ಹುಡುಗನೇ. ವೇದಿಕೆಯಲ್ಲಿ ತನ್ನ ಜಾಗ ಯಾವುದಿರಬಹುದೆಂದು ಕಣ್ಣಲ್ಲೇ ಅಳೆಯುತ್ತಿದ್ದ, ಆ ಅಳತೆ ಸರಿಯಾಗಿ ಕನ್ನಡಕದಣ್ಣ ನಿಂತ ಕಡೆಯೇ ಬರುತ್ತಿತ್ತು. ಭಾವ ಹೊಸ ಪೆಟ್ಟಿಗೆ ನೋಡಿ, "ಇದೇನೋ, ಅಟ್ಟದಿಂದ ಇಳಿಸಿದ್ಯಾ?" ಎಂದ. ಕನ್ನಡಕದಣ್ಣ ಜಗತ್ತಿನಲ್ಲೇ ಮೊದಲ ಸಲ ಬಡಾಯಿ ಕೊಚ್ಚದೆ ಸುಮ್ಮನಿದ್ದ. ಆಂಪನ್ನು ವೇದಿಕೆಯ ತುದಿಗಿಟ್ಟು, ಬೂದಿ ಪೆಟ್ಟಿಗೆಗೆ ಬೇರೆಲ್ಲೂ ಜಾಗ ಸಾಲದೆ ಡ್ರಮ್ಮಿನ ಮುಂದೆ ಒಂದು ಕುರ್ಚಿಯ ಮೇಲೆ, ಹಾಲಿನ ಕಡೆಗೆ ಮುಖ ಮಾಡಿ ಇಟ್ಟ. ಸ್ವಿಚ್ಚು ನಾಲ್ಕಕ್ಕೆ ಇದೆಯೇ ಎಂದು ಮತ್ತೆ ಮತ್ತೆ ನೋಡಿದ.

ಮೊದಲ ಹಾಡು ಶುರುವಾಯಿತು. ಭಾವ ಎಂದಿನಂತೆ ಭೂಕಂಪದ ಹಾಗೆ ಹೊರಟ. ಒಂದು ಸಾಲು ಮುಗಿಯಿತು, ಎರಡು ಮುಗಿಯಿತು. ಆಮೇಲೆ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಡ್ರಮ್ಮು ಇಳಿಯತೊಡಗಿತು. ಬಾರಿಸುವವನಿಗೆ ಸುಸ್ತಾಯಿತೇ ಎಂದು ಹೆಂಡತಿ ಹಾಡುತ್ತಲೇ ಹಿಂದೆ ತಿರುಗಿ ನೋಡಿದಳು. ಸುಸ್ತಲ್ಲ. ಭಾವ ಕತ್ತು ಮುಂದೆ ಚಾಚಿ, ಆ ಪೆಟ್ಟಿಗೆಯ ತೆರೆದ ಬೆನ್ನಿನೊಳಗೆ ಕಿವಿ ಇಡುವವನ ಹಾಗೆ ಬಾಗಿ ಕೂತಿದ್ದ. ಅವನ ಕೋಲುಗಳು ಹುಬ್ಬು ತೀಡುವಷ್ಟು ಮೆತ್ತಗೆ ಬೀಳುತ್ತಿದ್ದವು. ಆನೆಗಾಲು ಪೆಡಲನ್ನು ಮಲಗಿದ ಮಗುವಿನ ಪಕ್ಕ ನಡೆಯುವವರ ಹಾಗೆ ಮುಟ್ಟಿ ಮುಟ್ಟಿ ಬಿಡುತ್ತಿತ್ತು.

ಚರಣ ಮುಗಿಯಿತು. ಕನ್ನಡಕದಣ್ಣ ಝರ್ರನೆ ತಂತಿ ಜಾರಿಸಿದ. ಮುಂದಿನ ಸಾಲು ತಿರುಗಿತು, ನಡುವಿನ ಸಾಲು ತಿರುಗಿತು, ಕೊನೆಯ ಸಾಲೂ ಅದೇ ಗಳಿಗೆಯಲ್ಲಿ ತಿರುಗಿತು. ಇನ್ನೂರು ಜನರ ಪಾದ ಒಂದೇ ಸಲ ನೆಲಕ್ಕೆ ಉಜ್ಜಿದ್ದಕ್ಕೆ ಹಾಲಿನ ನೆಲ ತನ್ನಷ್ಟಕ್ಕೇ ಪಾಲಿಶ್ ಆಯಿತು. ಕೊನೆಯಲ್ಲಿ ಟೀಚರಜ್ಜಿ ಕಂಡರು, ಹೊಸ ಕನ್ನಡಕದಲ್ಲಿ. ಅವರ ಯಜಮಾನರು ಯಾರ ಬೆನ್ನನ್ನೂ ನೋಡುತ್ತಿರಲಿಲ್ಲ.

ಬಿಡುವಿನಲ್ಲಿ ಭಾವ ಕೋಲುಗಳನ್ನು ಕಂಕುಳಲ್ಲಿ ಇರುಕಿಕೊಂಡು ಬಂದು ಪೆಟ್ಟಿಗೆಯನ್ನು ಒಂದು ಸುತ್ತು ಬಳಸಿದ.

"ಆ ಝರ್ರ್ ಆದ್ಮೇಲೆ ಕೊನೇಲಿ ಸಣ್ಣಗೆ ಎರಡು ಸ್ವರ ಹಾಕ್ತೀಯಲ್ಲ. ಅದು ಹೊಸದಾ?"

"ಇಲ್ಲ ಭಾವ. ಮೊದಲಿಂದ್ಲೂ ಇದೆ."

"ಮೊದಲಿಂದ ಅಂದ್ರೆ?"

"ನಾವು ಶುರು ಮಾಡಿದಾಗಿಂದ."

ಭಾವ ಬಗ್ಗಿ ಪೆಟ್ಟಿಗೆಯ ತೆರೆದ ಬೆನ್ನಿನೊಳಗೆ ಇಣುಕಿದ. "ನನಗೇನು ಗೊತ್ತು?" ಎಂದ ಆಮೇಲೆ. "ನಿನ್ನ ಆಂಪು ಯಾವಾಗ್ಲೂ ಜನರ ಕಡೆ ಮುಖ ಮಾಡಿರುತ್ತೆ. ನನಗೆ ಕಾಣ್ಸೋದು ನಿನ್ನ ಬೆನ್ನೊಂದೇ. ನಿನ್ನ ಭುಜ ಅಲ್ಲಾಡೋದು ನೋಡ್ಕೊಂಡು ತಾಳ ಹಾಕ್ತಿದ್ದೆ. ಏನೂ ಕೇಳ್ಸದಿದ್ರೆ ಮನುಷ್ಯ ಜೋರಾಗಿ ಬಾರಿಸ್ತಾನಪ್ಪ, ಇನ್ನೇನು ಮಾಡ್ತಾನೆ?"

"ಹೇಳ್ಬಾರದಿತ್ತಾ ಭಾವ?"

"ಹೇಳಿದ್ನಲ್ಲ, ನನಗೇ ಕೇಳ್ಸಲ್ಲ ಅಂತ. ನೀನು ಬೈಗುಳ ಅಂದ್ಕೊಂಡೆ."

ಕನ್ನಡಕದಣ್ಣ ಗಿಟಾರಿನ ಒಂದು ತಂತಿಯನ್ನು ಸುಮ್ಮನೆ ತಿರುವಿ ಶ್ರುತಿ ಮಾಡಿದ, ಅದು ಮೊದಲೇ ಸರಿಯಾಗಿತ್ತು.

ಅಷ್ಟರಲ್ಲಿ ಕೀಬೋರ್ಡಿನವನು ಚೀಲ ಎತ್ತಿಕೊಂಡು ಮೆಟ್ಟಿಲ ಹತ್ತಿರ ಬಂದು, "ಸಾರ್, ನಾನು ಮುಂದಿನ ಹಾಡಿಗೆ ಬರ್ಲಾ?" ಎಂದು ಕೇಳಿದ.

"ಎಲ್ಲಿಗೆ ಬರ್ತೀಯಾ?" ಎಂದ ಭಾವ. "ಬೆಳಿಗ್ಗೆ ರಿವರ್ಸ್ ತಗೊಳ್ಳೋಕೆ ಬರದೆ ನನ್ನ ಗೋಡೆ ಕೆಡವಿದ್ಯಲ್ಲ, ಮೊದಲು ಅದು ಕಲಿ. ಹೋಗು, ಆ ಹಿಂದಿನ ಸಾಲಲ್ಲಿ ಒಬ್ಬರಿಗೆ ಜೋಡಿ ಇಲ್ಲ, ಹೋಗಿ ಕುಣಿ."

ಹುಡುಗನಿಗೆ ಬೇಸರವಾದಂತೆ ಕಾಣಲಿಲ್ಲ. ಚೀಲವನ್ನು ಕುರ್ಚಿಯ ಮೇಲಿಟ್ಟು, ತಲೆ ಬಾಚಿಕೊಂಡು ಹೊರಟ. ಹೆಂಡತಿ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡಳು. ಕನ್ನಡಕದಣ್ಣ ಪೆಟ್ಟಿಗೆಯನ್ನು ಡ್ರಮ್ಮಿನಿಂದ ಒಂದಿಷ್ಟು ಪಕ್ಕಕ್ಕೆ ಸರಿಸಲು ಕೈ ಹಾಕಿದ, ಭಾವನಿಗೆ ಅಡ್ಡವಾಗುತ್ತದೇನೋ ಎಂದು.

"ಮುಟ್ಬೇಡ ಅದನ್ನ!" ಎಂದ ಭಾವ, ಸ್ಟೂಲಿನ ಮೇಲೆ ಕೂರುತ್ತಾ. "ಇಲ್ಲೇ ಇರ್ಲಿ. ಮುಂದಿನ ವಾರಾನೂ ಇಲ್ಲೇ ಇಡು, ನನ್ನ ಹತ್ರ."